ನಗಬಾರದ ಹೊತ್ತಿನ ನಗು

ಕಳೆದ ದೀಪಾವಳಿಗೆ ಮಗಳು ಬೆಂಗಳೂರಿನಿಂದ ಬಂದಿದ್ದಳು. ಪತ್ರಿಕೋದ್ಯಮ ಓದಿ ಸುದ್ದಿವಾಹಿನಿಯೊಂದರಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಹಬ್ಬದ ಮಾರನೆಯ ದಿನ ಜಗಲಿಯ ಮೇಲೆ ಕುಳಿತು ಸಹೋದ್ಯೋಗಿಯೊಬ್ಬರ ಜೊತೆ ಫೋನಿನಲ್ಲಿ ಮಾತಾಡುತ್ತಾ ಬಿದ್ದು ಬಿದ್ದು ನಗುತ್ತಿದ್ದಳು. ಮಕ್ಕಳು ನಕ್ಕರೆ ಯಾವ ತಂದೆಗೆ ಸಂತೋಷವಾಗುವುದಿಲ್ಲ ಹೇಳಿ! ಆದರೆ ಕಿವಿಗೆ ಬಿದ್ದ ನಾಲ್ಕು ಮಾತಿನಿಂದ ತಿಳಿದದ್ದು, ವಿಷಯ ಯಾರದೋ ಸಾವು ಎಂದು. ಗಾಳಿಮಳೆಗೆ ಹೋಟೆಲಿನ ಫಲಕ ಕಳಚಿ ತಲೆಯ ಮೇಲೆ ಬಿದ್ದು ಒಬ್ಬರು ತೀರಿಕೊಂಡಿದ್ದರಂತೆ. ಆ ಫಲಕದ ಮೇಲೆ ‘ಮತ್ತೆ ಬನ್ನಿ’ ಎಂದು ಬರೆದಿತ್ತಂತೆ.

ನನಗೆ ರೇಗಿತು. “ಸತ್ತೋರ ಮನೆಯವರ ಮುಂದೆ ಹೋಗಿ ಹೀಗೆ ನಗ್ತೀಯಾ? ಇದನ್ನೇನಾ ನಾವು ನಿನಗೆ ಕಲಿಸಿದ್ದು?” ಎಂದು ಗದರಿದೆ. ಮೇಷ್ಟ್ರ ದನಿ, ಬೀದಿಯ ಆ ತುದಿಗೂ ಕೇಳಿಸಿರಬೇಕು. ಅವಳು ಫೋನಿಟ್ಟು ಒಳಗೆ ಹೋದಳು. ಮಧ್ಯಾಹ್ನ ಊಟಕ್ಕೆ ಕುಳಿತಾಗಲೂ ಮಾತಿಲ್ಲ. ಸಂಜೆ ತಾನೇ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು, “ಅಪ್ಪಾ, ಇಪ್ಪತ್ತೈದು ನಿಮಿಷ. ಪಾಠ ಅಂದ್ಕೊಂಡು ನೋಡು. ಆಮೇಲೆ ಬೇಕಾದ್ರೆ ಇನ್ನೊಂದ್ಸಲ ಬೈ” ಎಂದು ಎದುರಿಗಿಟ್ಟಳು.

ಅದೊಂದು ಅಮೆರಿಕದ ಹಾಸ್ಯ ಧಾರಾವಾಹಿಯ ಕಂತು. ಹೆಸರು ‘ದ ಮೇರಿ ಟೈಲರ್ ಮೂರ್ ಷೋ’. 1970ರ ಸೆಪ್ಟೆಂಬರಿನಿಂದ 1977ರ ಮಾರ್ಚ್‌ವರೆಗೆ ಅಲ್ಲಿನ ಸಿಬಿಎಸ್ ವಾಹಿನಿಯಲ್ಲಿ ಬಂದದ್ದು. ನಾನು ನೋಡಿದ ಕಂತು ಪ್ರಸಾರವಾದದ್ದು 1975ರ ಅಕ್ಟೋಬರ್ 25ರಂದು. ಆಗ ನಾನು ಐದು ವರ್ಷದ ಹುಡುಗ. ನಮ್ಮ ಮನೆಯಲ್ಲಿ ರೇಡಿಯೋ ಕೂಡ ಇರಲಿಲ್ಲ. (ಅದೇ ವರ್ಷದ ಆಗಸ್ಟ್ 1ರಂದು ಅಮೆರಿಕದ ಉಪಗ್ರಹವೊಂದನ್ನು ಬಳಸಿಕೊಂಡು ನಮ್ಮ ದೇಶದ ಹಳ್ಳಿಗಳಿಗೆ ಟಿ.ವಿ. ತೋರಿಸುವ ‘ಸೈಟ್’ ಪ್ರಯೋಗ ಶುರುವಾಗಿತ್ತು. ರಾಯಚೂರು, ಗುಲ್ಬರ್ಗ, ಬಿಜಾಪುರದ ಕಡೆಯ ಕೆಲವು ಹಳ್ಳಿಗರು ಬೆಂಗಳೂರಿನವರಿಗಿಂತ ಮೊದಲೇ ಟಿ.ವಿ. ನೋಡಿದರು. ನಮ್ಮ ಚಿತ್ರದುರ್ಗದ ಕಡೆಗೆ ಆ ಭಾಗ್ಯವಿರಲಿಲ್ಲ.) ಅಮೆರಿಕದವರ ಇಂಗ್ಲಿಷ್ ನನಗೆ ಅರ್ಧಕ್ಕರ್ಧ ತಿಳಿಯುವುದಿಲ್ಲ. ಕೆಳಗೆ ಬರುವ ಅಕ್ಷರ ಓದಿಕೊಂಡು, ತಿಳಿಯದ ಕಡೆ ಮಗಳನ್ನು ಕೇಳಿಕೊಂಡು ನೋಡಿದೆ. ನನ್ನಾಕೆಯೂ ಒಗ್ಗರಣೆ ಹಾಕಿ ಬಂದು ಪಕ್ಕದಲ್ಲಿ ಕುಳಿತಳು.

ಮಿನಿಯಾಪೊಲಿಸ್ ನಗರದ ಒಂದು ಸಣ್ಣ ಟಿ.ವಿ. ಕೇಂದ್ರದ ಸುದ್ದಿಮನೆ. ಡಬ್ಲ್ಯು.ಜೆ.ಎಂ. ಎಂಬ ಆ ಕೇಂದ್ರ ಕಲ್ಪಿತ. ನಾಲ್ಕು ಮೇಜು, ಟೈಪ್‌ರೈಟರು, ಕಾಗದದ ರಾಶಿ. ಅಲ್ಲಿ ಮೇರಿ ಎಂಬ ಅವಿವಾಹಿತೆ ಸುದ್ದಿ ಕಾರ್ಯಕ್ರಮದ ನಿರ್ಮಾಪಕಿ. ಮೇಲಧಿಕಾರಿ ಲೂ ಗ್ರಾಂಟ್. ಮಾತು ಗಡಸು, ಮನಸ್ಸು ಮೆದು, ನಮ್ಮ ಕೆಲವು ಹೆಡ್‌ಮಾಸ್ಟರುಗಳ ಹಾಗೆ. ಸುದ್ದಿ ಬರೆಯುವವನು ಮರ್ರೆ. ಅದನ್ನು ಕ್ಯಾಮೆರಾ ಮುಂದೆ ಓದುವವನು ಟೆಡ್. ಕಂಚಿನ ಕಂಠ, ಖಾಲಿ ತಲೆ.

ಆ ಊರಿಗೆ ಸರ್ಕಸ್ ಬರುತ್ತದೆ. ಮೆರವಣಿಗೆಯ ಮುಂದಾಳಾಗುವಂತೆ ಟೆಡ್‌ಗೆ ಆಹ್ವಾನ. ವಾರ್ತೆ ಓದುವವನು ಆನೆ ಒಂಟೆಗಳ ಮುಂದೆ ಕುಣಿಯುತ್ತಾ ಹೋದರೆ ಮರ್ಯಾದೆ ಉಳಿಯುತ್ತದೆಯೇ ಎಂದು ಲೂ ತಡೆಯುತ್ತಾನೆ. ಅವನ ಬದಲು ಅದೇ ಕೇಂದ್ರದಲ್ಲಿ ಮಕ್ಕಳ ಕಾರ್ಯಕ್ರಮ ನಡೆಸುವ ಜೋಕರ್ ‘ಚಕಲ್ಸ್’ ಹೋಗುತ್ತಾನೆ. ಹೋದವನು ತನ್ನ ಕಾರ್ಯಕ್ರಮದ ಒಂದು ವೇಷ ಹಾಕಿಕೊಂಡು ಹೋಗಿರುತ್ತಾನೆ: ‘ಪೀಟರ್ ಪೀನಟ್’, ಅಂದರೆ ಆಳೆತ್ತರದ ಕಡಲೆಕಾಯಿ. ಮೆರವಣಿಗೆಯಲ್ಲಿದ್ದ ಆನೆಯೊಂದು ಕೆರಳಿ, ಅವನನ್ನು ನಿಜವಾದ ಕಡಲೆಕಾಯಿಯೆಂದೇ ತಿಳಿದು ಸಿಪ್ಪೆ ಸುಲಿಯಲು ನೋಡುತ್ತದೆ. ಚಕಲ್ಸ್ ಸಾಯುತ್ತಾನೆ.

ಕಡಲೆಕಾಯಿ ಬೆಳೆಯುವ ಚಳ್ಳಕೆರೆ ಸೀಮೆಯವನು ನಾನು. ಇದನ್ನು ಕೇಳಿ ನಗು ಬಂದಿತೋ ಇಲ್ಲವೋ ಎಂದು ಕೇಳಬೇಡಿ. ಮಗಳು ಓರೆಗಣ್ಣಿನಲ್ಲಿ ನೋಡುತ್ತಿದ್ದಳಾದ್ದರಿಂದ ಮುಖ ಬಿಗಿ ಹಿಡಿದು ಕುಳಿತಿದ್ದೆ.

ವಾರ್ತೆ ನಡೆಯುತ್ತಿರುವಾಗಲೇ ಸಾವಿನ ಸುದ್ದಿ ಬರುತ್ತದೆ. ಬರೆದುಕೊಟ್ಟಿದ್ದನ್ನು ಓದಿಯೇ ಅಭ್ಯಾಸವಾದ ಟೆಡ್, ಬರೆದುಕೊಡುವವರಿಲ್ಲದೆ ಶ್ರದ್ಧಾಂಜಲಿ ಹೇಳಲು ಹೋಗಿ ತಡವರಿಸುವ ದೃಶ್ಯ ನೋಡಿಯೇ ಅನುಭವಿಸಬೇಕು. ಆಮೇಲೆ ಸುದ್ದಿಮನೆಯಲ್ಲಿ ನಗೆಯ ಬುಗ್ಗೆ ಏಳುತ್ತದೆ. ಸದ್ಯ, ಆನೆ ಇನ್ನಾರಿಗೂ ಕೈಹಾಕಲಿಲ್ಲವಲ್ಲ, ಒಂದೇ ಕಡಲೆಕಾಯಿಗೆ ಸುಮ್ಮನಾಗುವುದು ಎಷ್ಟು ಕಷ್ಟ ಎಂಬ ಧಾಟಿಯಲ್ಲಿ ಮರ್ರೆ ಒಂದಾದ ಮೇಲೊಂದು ಎಸೆಯುತ್ತಾನೆ. ಗಂಭೀರವಾಗಿರಬೇಕಾದ ಲೂ ಕೂಡ ಹೊಟ್ಟೆ ಹಿಡಿದುಕೊಳ್ಳುತ್ತಾನೆ. ನಗದವಳು ಮೇರಿ ಒಬ್ಬಳೇ. ನಮ್ಮ ಜೊತೆ ಕೆಲಸ ಮಾಡಿದ ಮನುಷ್ಯ ಸತ್ತಿದ್ದಾನೆ, ನಿಮಗೆ ನಾಚಿಕೆಯಾಗುವುದಿಲ್ಲವೇ ಎಂದು ಅವಳು ಎಲ್ಲರನ್ನೂ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಲೂ ಅವಳಿಗೆ ಸಮಾಧಾನ ಹೇಳುತ್ತಾನೆ: ಇದು ಅಗೌರವವಲ್ಲ, ಹೆದರಿಕೆ, ಸಾವನ್ನು ಕಂಡು ನಗುವುದು ಸ್ಮಶಾನದಲ್ಲಿ ಸಿಳ್ಳೆ ಹಾಕಿಕೊಂಡು ಹೋಗುವ ಹಾಗೆ. ಮೇರಿಗೆ ಒಪ್ಪಿಗೆಯಾಗುವುದಿಲ್ಲ. “ನೋಡು, ಆಕೆ ಹೇಳೋದೇ ಸರಿ” ಎಂದೆ ನಾನು. ಮಗಳು ಸುಮ್ಮನಿದ್ದಳು.

ಕೊನೆಗೆ ಅಂತ್ಯಕ್ರಿಯೆಯ ದೃಶ್ಯ. ಎಲ್ಲರೂ ಸಾಲಾಗಿ ಕುಳಿತಿದ್ದಾರೆ. ಅಷ್ಟು ಹೊತ್ತು ಹಲ್ಲು ಕಿರಿಯುತ್ತಿದ್ದ ಮರ್ರೆ, ಲೂ ಎಲ್ಲರದೂ ಈಗ ಗಂಟು ಮುಖ. ಪಾದ್ರಿ ಚಕಲ್ಸ್‌ನ ಗುಣಗಾನ ಮಾಡುತ್ತಾ ಅವನ ವೇಷಗಳನ್ನು ಒಂದೊಂದಾಗಿ ನೆನೆಯುತ್ತಾನೆ. ಬಾಳೆಹಣ್ಣಿನ ಹೆಸರಿನದೊಂದು, ಅತ್ತೆಯ ವೇಷವೊಂದು. ದೊಡ್ಡ ಸೌತೆಕಾಯಿಯಿಂದ ಹೊಡೆಸಿಕೊಂಡು ಬಿದ್ದ ವೇಷಧಾರಿ ಮೈ ಕೊಡವಿಕೊಂಡು ಎದ್ದು ಮಕ್ಕಳ ಭಾಷೆಯಲ್ಲಿ ಒಂದು ಮಾತು ಹೇಳುತ್ತಿದ್ದನಂತೆ. ಅದರಲ್ಲಿ ಜೀವನದ ದೊಡ್ಡ ತತ್ತ್ವ ಅಡಗಿದೆಯೆಂದು ಪಾದ್ರಿ ಸ್ವಲ್ಪವೂ ನಗದೆ ವ್ಯಾಖ್ಯಾನ ಮಾಡುತ್ತಾನೆ. ಆಗ ಮೇರಿಯ ಗಂಟಲಿನಿಂದ ಒಂದು ಸದ್ದು. ಕೆಮ್ಮಿದಂತೆ ಮಾಡುತ್ತಾಳೆ. ತುಟಿ ಕಚ್ಚುತ್ತಾಳೆ. ಮೂಗಿಗೆ ಕರವಸ್ತ್ರ ಒತ್ತುತ್ತಾಳೆ. ತಡೆದಷ್ಟೂ ಉಕ್ಕುತ್ತದೆ. ಮರ್ರೆ, ಲೂ ತಿರುಗಿ ಅವಳನ್ನೇ ದುರುಗುಟ್ಟಿ ನೋಡುತ್ತಾರೆ! ಪಾದ್ರಿ ಮಾತು ನಿಲ್ಲಿಸಿ ಅವಳನ್ನು ಎದ್ದು ನಿಲ್ಲಲು ಹೇಳುತ್ತಾನೆ. ಬೈಯುವನೆಂದು ನಾನಂದುಕೊಂಡೆ. ಅವನು ಬೈಯುವುದಿಲ್ಲ. ನಗಮ್ಮಾ, ತಡೆಯಬೇಡ, ಚಕಲ್ಸ್ ಬಾಳಿದ್ದೇ ನಗಿಸುವುದಕ್ಕಾಗಿ, ಅವನಿಗೆ ಅಳು ಕಂಡರಾಗುತ್ತಿರಲಿಲ್ಲ, ಅವನಿಗಾಗಿ ಜೋರಾಗಿ ನಕ್ಕುಬಿಡು ಎನ್ನುತ್ತಾನೆ. ಆ ಮಾತು ಕಿವಿಗೆ ಬಿದ್ದದ್ದೇ ತಡ, ಮೇರಿ ಗೊಳೋ ಎಂದು ಅಳಲು ಶುರು ಮಾಡುತ್ತಾಳೆ.

ಈ ಕಂತನ್ನು ಬರೆದವರು ಡೇವಿಡ್ ಲಾಯ್ಡ್, ನಿರ್ದೇಶಿಸಿದವರು ಜೋನ್ ಡಾರ್ಲಿಂಗ್. ಬರವಣಿಗೆಗೆ 1976ರಲ್ಲಿ ಎಮ್ಮಿ ಪ್ರಶಸ್ತಿ ಬಂತು. 1997ರಲ್ಲಿ ‘ಟಿವಿ ಗೈಡ್’ ಪತ್ರಿಕೆ ನೂರು ಶ್ರೇಷ್ಠ ಕಂತುಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಇದಕ್ಕೇ. ಇವೆಲ್ಲ ಮಗಳು ಆಮೇಲೆ ಹೇಳಿದ್ದು. ಕಂತು ಮುಗಿದಾಗ ನನ್ನಾಕೆ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಯಾವ ಕಣ್ಣೀರೋ ಅವಳಿಗೇ ಗೊತ್ತಿಲ್ಲ. ನಾನು ಮಾತ್ರ ಎದ್ದು ಹಿತ್ತಿಲಿಗೆ ಹೋಗಿ ನಿಂತೆ. ನನ್ನ ಕಣ್ಣ ಮುಂದೆ ಮಿನಿಯಾಪೊಲಿಸ್ ಇರಲಿಲ್ಲ. 1998ರ ಒಂದು ಬೆಳಿಗ್ಗೆ ಇತ್ತು.

ನಾನು ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ನಮ್ಮ ತಾಲ್ಲೂಕಿನದೇ ಒಂದು ಹಳ್ಳಿಯ ಪ್ರೌಢಶಾಲೆ. ಅಲ್ಲಿ ವಯಸ್ಸಾದ ಒಬ್ಬ ಜವಾನರಿದ್ದರು. ಬೇವಿನ ಮರಕ್ಕೆ ನೇತುಹಾಕಿದ್ದ ರೈಲುಕಂಬಿಯ ತುಂಡೇ ಶಾಲೆಯ ಗಂಟೆ. ಅದನ್ನು ಹೊಡೆಯುತ್ತಿದ್ದದ್ದು ಅವರು. ಮಕ್ಕಳ ಬಾಯಲ್ಲಿ ‘ಗಂಟೆ ತಾತ’. ಅವರ ಕೈಗಡಿಯಾರ ಎಂದೂ ತಪ್ಪುತ್ತಿರಲಿಲ್ಲ. ಊರಿನವರು ತಮ್ಮ ಗಡಿಯಾರವನ್ನು ತಾತನ ಗಂಟೆಗೆ ಸರಿ ಮಾಡಿಕೊಳ್ಳುತ್ತಿದ್ದರು. ಸುಗ್ಗಿಯಲ್ಲಿ ಜೇಬಿನ ತುಂಬ ಹುರಿದ ಕಡಲೆಕಾಯಿ. ಕೇಳಿದ ಹುಡುಗರಿಗೆಲ್ಲ ಒಂದೊಂದು ಹಿಡಿ. ಒಂದು ಭಾನುವಾರ ರಾತ್ರಿ ಎದೆನೋವೆಂದು ಮಲಗಿದವರು ಏಳಲಿಲ್ಲ.

ಮಣ್ಣಾದ ಮಾರನೆಯ ದಿನ ಪ್ರಾರ್ಥನೆಯ ಹೊತ್ತಿಗೆ ಸಂತಾಪ ಸಭೆ. ಹೆಡ್‌ಮಾಸ್ಟರು ಒಳ್ಳೆಯವರು, ಸ್ವಲ್ಪ ಭಾವುಕರು. ಮಾತಾಡುತ್ತಾ ಮಾತಾಡುತ್ತಾ ಗಂಟಲು ಕಟ್ಟಿ, “ಮಕ್ಕಳೇ, ನಮ್ಮ ಶಾಲೆಯ ಗಂಟೆ ಇಂದಿನಿಂದ ಶಾಶ್ವತವಾಗಿ ಮೌನವಾಯಿತು” ಎಂದರು.

ಠಣ್!

ಬೇವಿನ ಮರದ ಕಡೆಯಿಂದ, ಅವರ ಮಾತಿಗೆ ಸರಿಯಾಗಿ, ರೈಲುಕಂಬಿ ಮೊಳಗಿತು. ಒಂದು ಕ್ಷಣ ಎಲ್ಲರೂ ಉಸಿರು ಬಿಗಿ ಹಿಡಿದರು. ಹೆಡ್‌ಮಾಸ್ಟರು ಬಾಯಿ ತೆರೆದವರು ತೆರೆದಂತೆಯೇ ನಿಂತರು. ಒಂಬತ್ತನೆಯ ತರಗತಿಯ ಸಾಲಿನಿಂದ ಒಬ್ಬ ಹುಡುಗ ಫಕ್ಕನೆ ನಕ್ಕ. ಬಾಯಿಗೆ ಕೈ ಅಡ್ಡ ಹಿಡಿದ. ಬೆರಳ ಸಂದಿಯಿಂದ ನಗು ಇನ್ನೂ ಜೋರಾಗಿ ಸಿಡಿಯಿತು. ಹತ್ತಿರ ನಿಂತಿದ್ದವನು ನಾನು. ಹೋಗಿ ಕೆನ್ನೆಗೆ ಹೊಡೆದೆ. ಐದು ಬೆರಳೂ ಮೂಡಿದವು. ಕೈ ಹಿಡಿದು ಎಳೆದುಕೊಂಡು ಹೋಗಿ ಗೇಟಿನ ಬಳಿ ಬಿಸಿಲಿನಲ್ಲಿ ನಿಲ್ಲಿಸಿದೆ. ಸಂಜೆಯ ತನಕ ಅಲ್ಲೇ ಇರು ಎಂದೆ. ಶಾಲೆಯಲ್ಲಿ ಮಕ್ಕಳಿಗೆ ಹೊಡೆಯಬಾರದೆಂಬ ನಿಯಮವಿರುವ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರಲ್ಲಿ. ಆದರೆ ಅದನ್ನು ನಾನು ಸಬೂಬಾಗಿ ಹೇಳುತ್ತಿಲ್ಲ.

ಇಷ್ಟೇ ಆಗಿದ್ದರೆ ಬಹುಶಃ ಮರೆತುಬಿಡುತ್ತಿದ್ದೆ. ಮರೆಯದೆ ಉಳಿದದ್ದು ಅದೇ ಮಧ್ಯಾಹ್ನದ ಸಂಗತಿ. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದಾಗ ಒಬ್ಬ ಸಹೋದ್ಯೋಗಿ ಎದ್ದು ನಿಂತು, ಹೆಡ್‌ಮಾಸ್ಟರ ದನಿಯಲ್ಲಿ “ಶಾಶ್ವತವಾಗಿ ಮೌನವಾಯಿತು” ಎಂದು ಚಮಚದಿಂದ ಲೋಟಕ್ಕೆ ಠಣ್ ಎಂದು ಬಡಿದರು. ನಾವೆಲ್ಲ ನಕ್ಕೆವು. ನಾನು ನಕ್ಕ ರಭಸಕ್ಕೆ ಚಹಾ ಅಂಗಿಯ ಮೇಲೆ ಚೆಲ್ಲಿತು. ಕಿಟಕಿಯಾಚೆ, ಗೇಟಿನ ಬಳಿ, ಆ ಹುಡುಗ ಇನ್ನೂ ನಿಂತೇ ಇದ್ದ.

ಮಾರನೆಯ ದಿನ ಅವನ ತಾಯಿ ಬಂದರು. ಜಗಳಕ್ಕಲ್ಲ. ಸೆರಗು ಹೊದ್ದು ಬಾಗಿಲ ಹೊರಗೇ ನಿಂತು, “ತಪ್ಪಾತು ಸಾ, ಕ್ಷಮಿಸ್ಬೇಕು. ಮೂರು ದಿನ್ದಿಂದ ಸರಿಯಾಗಿ ಉಂಡಿಲ್ಲ ಇವ್ನು. ಆಯಪ್ಪನ ಹೆಣದ ತಾವ ರಾತ್ರಿಯೆಲ್ಲ ಕುಂತಿದ್ದ. ಅದ್ಯಾಕೆ ನಕ್ನೋ, ನಂಗೂ ತಿಳೀವಲ್ದು” ಎಂದರು. ಅಪ್ಪನಿಲ್ಲದ ಹುಡುಗ, ದಿನಾ ಸಂಜೆ ತಾತನ ಜೊತೆಗೇ ಇರುತ್ತಿದ್ದನೆಂದು ನನಗೆ ತಿಳಿದದ್ದು ಆಗಲೇ. ಆಗಲಾದರೂ ನಾನು ಒಂದು ಮಾತು ಹೇಳಬಹುದಿತ್ತು. “ಇನ್ಮೇಲೆ ಬುದ್ಧಿಯಾಗಿರಲಿ ಬಿಡಮ್ಮಾ” ಎಂದು ಕಳಿಸಿದೆ. ಹುಡುಗ ಮತ್ತೆರಡು ವರ್ಷ ನನ್ನ ತರಗತಿಯಲ್ಲಿ ಕುಳಿತ. ಎಸ್ಸೆಸ್ಸೆಲ್ಸಿ ಪಾಸಾದ. ತಮಾಷೆ ಮಾಡಿ ಪಾಠ ಹೇಳುವವನೆಂದು ನನಗೆ ಹೆಸರಿತ್ತು. ಇಡೀ ತರಗತಿ ನಗುವಾಗಲೂ ಅವನು ನಗುತ್ತಿರಲಿಲ್ಲ.

ಹಬ್ಬ ಮುಗಿಸಿ ಮಗಳು ಊರಿಗೆ ಹೋದ ಮೇಲೆ ನಾನು ಈ ನಗುವಿನ ಬೆನ್ನು ಹತ್ತಿದೆ. ಮೂವತ್ತು ವರ್ಷ ಉಸಿರಾಟ, ನರಮಂಡಲ ಎಂದು ಪಾಠ ಮಾಡಿದ್ದೇನೆ. ನಗು ಎಂಬುದು ಯಾವ ಅಧ್ಯಾಯದಲ್ಲೂ ಇಲ್ಲ ನೋಡಿ! ನಗುವಾಗಲೂ ಬಿಕ್ಕುವಾಗಲೂ ದುಡಿಯುವುದು ಅದೇ ವಪೆ, ಅದೇ ಗಂಟಲು. ಪಾರ್ಶ್ವವಾಯು ಮೊದಲಾದ ಮಿದುಳಿನ ಕಾಯಿಲೆಯಾದ ಕೆಲವರಿಗೆ ದುಃಖವಿಲ್ಲದೆ ಅಳು, ಸಂತೋಷವಿಲ್ಲದೆ ನಗು ತಾನಾಗಿ ಬರುವುದುಂಟು. ಒಮ್ಮೊಮ್ಮೆ ಒಂದು ಇನ್ನೊಂದಕ್ಕೆ ತಿರುಗುವುದೂ ಉಂಟು. ರಾಬರ್ಟ್ ಪ್ರೊವೈನ್ ಎಂಬ ಅಮೆರಿಕದ ವಿಜ್ಞಾನಿ ಜನರ ನಡುವೆ ಓಡಾಡಿ, ನಗು ಕೇಳಿಸಿದ 1,200 ಸಂದರ್ಭಗಳನ್ನು ಗುರುತು ಮಾಡಿಕೊಂಡರು. ಅವುಗಳಲ್ಲಿ ಹಾಸ್ಯದ ಮಾತಿಗೆ ಬಂದ ನಗು ನೂರಕ್ಕೆ ಇಪ್ಪತ್ತನ್ನೂ ದಾಟಲಿಲ್ಲ. ನಗು ಅಂಟುಜಾಡ್ಯವೂ ಹೌದು. 1962ರಲ್ಲಿ ಆಗಿನ ಟಾಂಗನೀಕದ ಕಶಾಶ ಎಂಬಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವರಿಗೆ ಹತ್ತಿದ ನಗು 159 ಮಂದಿಯಲ್ಲಿ 95 ಮಂದಿಗೆ ಹರಡಿ, ಶಾಲೆಯನ್ನೇ ಮುಚ್ಚಬೇಕಾಯಿತು. ಮಕ್ಕಳ ಮನಸ್ಸಿನ ಒತ್ತಡವೇ ಕಾರಣವಿರಬೇಕೆಂದು ಮುಂದೆ ಹಲವರು ಹೇಳಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಪ್ರಯೋಗ. ಯೇಲ್ ವಿಶ್ವವಿದ್ಯಾಲಯದ ಸ್ಟಾನ್ಲಿ ಮಿಲ್‌ಗ್ರಾಂ ನಡೆಸಿ, 1963ರಲ್ಲಿ ಪ್ರಕಟಿಸಿದ್ದು. 40 ಗಂಡಸರನ್ನು ಒಬ್ಬೊಬ್ಬರನ್ನಾಗಿ ಕರೆದು ‘ಶಿಕ್ಷಕ’ನ ಜಾಗದಲ್ಲಿ ಕೂರಿಸಿದರು. ಗೋಡೆಯಾಚೆ ‘ವಿದ್ಯಾರ್ಥಿ’. ಅವನು ತಪ್ಪು ಉತ್ತರ ಹೇಳಿದಾಗಲೆಲ್ಲ ಶಿಕ್ಷಕ ಗುಂಡಿ ಒತ್ತಿ ವಿದ್ಯುತ್ ಆಘಾತ ಕೊಡಬೇಕು, ಪ್ರತಿ ತಪ್ಪಿಗೂ ಹೆಚ್ಚು ವೋಲ್ಟು. ಆಘಾತ ಸುಳ್ಳು, ವಿದ್ಯಾರ್ಥಿ ನಟ. ಅದು ಗುಂಡಿ ಒತ್ತುವವನಿಗೆ ಗೊತ್ತಿಲ್ಲ. 26 ಮಂದಿ ಕೊನೆಯ 450 ವೋಲ್ಟಿನವರೆಗೂ ಒತ್ತಿದರು. ಈ ಅಂಕಿ ಬಹಳ ಕಡೆ ಬರುತ್ತದೆ. ಅಷ್ಟಾಗಿ ಯಾರೂ ಹೇಳದ ಇನ್ನೊಂದು ಸಂಗತಿಯನ್ನೂ ಮಿಲ್‌ಗ್ರಾಂ ಬರೆದಿಟ್ಟಿದ್ದಾರೆ: ಒತ್ತುತ್ತಿದ್ದಾಗ 14 ಮಂದಿ ನಕ್ಕರು. ಮೂವರಿಗೆ ತಡೆಯಲಾಗದಷ್ಟು ನಗು. ತಾವು ಕ್ರೂರಿಗಳಲ್ಲ, ಆ ನಗು ಸಂತೋಷದ್ದಲ್ಲ ಎಂದು ಅವರು ಆಮೇಲೆ ಕಷ್ಟಪಟ್ಟು ವಿವರಿಸಿದರಂತೆ. ಹಾಗೆ ವಿವರಿಸಲು ನಾನು ಆ ಹುಡುಗನಿಗೆ ಒಂದು ನಿಮಿಷವನ್ನೂ ಕೊಟ್ಟಿರಲಿಲ್ಲ.

ಎಲ್ಲ ನಗುವಿಗೂ ಮಾಫಿ ಇದೆ ಎಂದು ನಾನು ಹೇಳುತ್ತಿಲ್ಲ. ಕುಂಟುವವನ ಹಿಂದೆ ನಿಂತು ನಗುವವನನ್ನು ಇವತ್ತಿಗೂ ಗದರಿಸುತ್ತೇನೆ. ಮಗಳಿಗೂ ಫೋನಿನಲ್ಲಿ, “ಒಳಗೆ ಎಷ್ಟಾದರೂ ನಗಿ, ಪರದೆಯ ಮೇಲೆ ಮಾತ್ರ ಬೇಡ” ಎಂದೆ. “ಗೊತ್ತಪ್ಪ” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೆಲಸಕ್ಕೆ ಸೇರಿದ ತಿಂಗಳಲ್ಲೇ ಒಂದು ಬಸ್ ಅಪಘಾತ. ಸತ್ತವರ ಹೆಸರು, ವಯಸ್ಸು ರಾತ್ರಿಯೆಲ್ಲ ನಾನೇ ಟೈಪ್ ಮಾಡಿದ್ದು. ಅದರಲ್ಲಿ ನಾಲ್ಕು ವರ್ಷದ ಮಗು ಇತ್ತು. ಬೆಳಿಗ್ಗೆ ಕ್ಯಾಂಟೀನಲ್ಲಿ ಯಾರೋ ಇಡ್ಲಿ ಬಗ್ಗೆ ಏನೋ ಅಂದ್ರು, ನಾವೆಲ್ಲ ಹುಚ್ಚರ ಹಾಗೆ ನಕ್ವಿ. ಆವತ್ತು ನಗದೇ ಇದ್ದಿದ್ರೆ ಮಾರನೇ ದಿನ ನಾನು ಕೆಲಸಕ್ಕೆ ಹೋಗ್ತಿರಲಿಲ್ಲ” ಎಂದಳು. ಎರಡು ವರ್ಷದಲ್ಲಿ ಅವಳು ಇದನ್ನು ಮನೆಯಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಕೇಳುವ ಅಪ್ಪ ನಾನಾಗಿರಲಿಲ್ಲ ಅಂತ ಕಾಣುತ್ತದೆ.

ಡಿಸೆಂಬರಿನಲ್ಲಿ ಚಳ್ಳಕೆರೆಯ ಮಾರುಕಟ್ಟೆ ಪ್ರಾಂಗಣಕ್ಕೆ ಹೋಗಿದ್ದೆ. ಕಡಲೆಕಾಯಿ ಚೀಲಗಳ ನಡುವೆ ಯಾರೋ ಬಂದು ಕಾಲಿಗೆ ಬಿದ್ದರು. ತಲೆ ಅರ್ಧ ನರೆತಿತ್ತು. ಎದ್ದು ನಿಂತಾಗ ಗುರುತು ಸಿಕ್ಕಿತು. ಈಗ ನಾಲ್ಕು ಎಕರೆ ಮಾಡುತ್ತಾನಂತೆ. ಮಗಳು ಎಂಟನೆಯ ತರಗತಿಯಂತೆ. ಮಳೆ, ಬೆಲೆ ಎಲ್ಲ ಮಾತಾಡಿದ ಮೇಲೆ ನಾನೇ ಬಾಯಿಬಿಟ್ಟೆ. “ಗಂಟೆ ತಾತ ಸತ್ತಾಗ ನಿಂಗೆ ಹೊಡೆದಿದ್ದೆ. ತಪ್ಪು ಮಾಡಿದೆ ಕಣಪ್ಪ.”

“ಅಯ್ಯೋ ಬಿಡಿ ಸಾ, ಯಾವ ಕಾಲದ್ದು” ಎಂದು ತಲೆ ಕೆರೆದುಕೊಂಡ. ಆಮೇಲೆ ಚೀಲದ ಮೇಲೆ ಕೈಯಾಡಿಸುತ್ತಾ, “ಆವತ್ತು ಗಂಟೆ ಹೊಡೆದದ್ದು ಯಾರು ಗೊತ್ತಾ ಸಾ?” ಎಂದ.

“ಯಾರೋ ಸಣ್ಣ ಹುಡುಗ ಅಂತ ಆಗ ಹೇಳಿದ್ರು.”

“ಎಂಟನೇ ಕ್ಲಾಸಿನವ್ನು. ಹೊಡಿ ಅಂತ ಅವನಿಗೆ ಹೇಳಿಟ್ಟಿದ್ದವ್ನು ನಾನು. ಹತ್ತು ಗಂಟೆ ಆಗ್ತಿದ್ದಂಗೆ ಹೊಡೀಬೇಕು, ಒಂದು ನಿಮಿಷ ತಡ ಆಗ್ಬಾರ್ದು, ತಾತ ಬೈತಾನೆ ಅಂದಿದ್ದೆ. ತಾತನ ವಾಚನ್ನೂ ಅವನಿಗೆ ಕೊಟ್ಟಿದ್ದೆ. ಸರಿಯಾಗಿ ಹತ್ತಕ್ಕೇ ಹೊಡೆದ ಸಾ ಅವ್ನು. ಹೆಡ್‌ಮಾಸ್ಟ್ರು ಅದೇ ಟೈಮಿಗೆ ಹಂಗೆ ಅಂತಾರೆ ಅಂತ ನಮಗೇನು ಗೊತ್ತು?”

ಹೇಳುತ್ತಾ ಹೇಳುತ್ತಾ ಅವನ ಭುಜ ಕುಲುಕತೊಡಗಿತು. ತೂಕದವನು ಅವನ ಹೆಸರು ಹಿಡಿದು ಎರಡು ಸಲ ಕೂಗಿದ. ಹೋಗುವ ಮೊದಲು ನನ್ನ ಕೈಚೀಲ ಕಸಿದುಕೊಂಡು, ಎರಡು ಸೇರಿನಷ್ಟು ಹಸಿ ಕಡಲೆಕಾಯಿ ಸುರಿದು, “ಬೇಯಿಸ್ಕೊಂಡು ತಿನ್ನಿ ಸಾ, ಉಪ್ಪು ಜಾಸ್ತಿ ಹಾಕ್ಬೇಡಿ” ಎಂದು ಓಡಿದ.